ಮರದ ಅರಮನೆ, ಕಲ್ಲಿನ ಜಗಲಿ

ಹಂಪಿ ನೋಡಿ ಬಂದವರ ಬಾಯಲ್ಲಿ ಒಂದು ಮಾತು ಸಾಮಾನ್ಯ. ಗುಡಿಗಳನ್ನೆಲ್ಲ ನೋಡಿದೆವು, ಅರಮನೆ ಮಾತ್ರ ಕಾಣಲಿಲ್ಲ ಎನ್ನುತ್ತಾರೆ. ಮಾತು ಸುಳ್ಳಲ್ಲ. ತುಂಗಭದ್ರೆಯ ದಂಡೆಯಲ್ಲಿ ವಿರೂಪಾಕ್ಷನ ಗೋಪುರ ಇವತ್ತಿಗೂ ನೆಟ್ಟಗೆ ನಿಂತಿದೆ. ಅಲ್ಲಿಂದ ದಕ್ಷಿಣಕ್ಕೆ ಸುಮಾರು 2 ಕಿಲೋಮೀಟರ್ ಬಂದರೆ ಅರಸರು ವಾಸವಾಗಿದ್ದ ಪ್ರದೇಶ ಸಿಗುತ್ತದೆ. ಆಳೆತ್ತರವನ್ನು ಮೀರಿದ ಗೋಡೆಗಳು ಅದನ್ನು ಸುತ್ತುವರಿದಿವೆ. ದೊಡ್ಡ ದೊಡ್ಡ ಕಲ್ಲುಗಳನ್ನು ಸಂದಿಲ್ಲದಂತೆ ಕೂಡಿಸಿ ಕಟ್ಟಿದ ಗೋಡೆಗಳು ಅವು. ಬಾಗಿಲು ದಾಟಿ ಒಳಗೆ ಹೋದರೆ ಬಿಸಿಲು ಕಾಯುವ ಬಯಲು. ಬಯಲಿನ ತುಂಬ ಮೊಣಕಾಲೆತ್ತರದ, ಎದೆಯೆತ್ತರದ ಕಲ್ಲಿನ ಜಗಲಿಗಳು. ಅವುಗಳ ಮೇಲೆ ಗೋಡೆಯಿಲ್ಲ, ಕಂಬವಿಲ್ಲ, ಮಾಡಿಲ್ಲ. ಸುಮಾರು 230 ವರ್ಷ ದಕ್ಷಿಣ ಭಾರತದ ಬಹುಭಾಗವನ್ನು ಆಳಿದ ವಿಜಯನಗರದ ಅರಸರ ಮನೆ ಎಲ್ಲಿ ಹೋಯಿತು? ಈ ಪ್ರಶ್ನೆಗೆ ಬಹಳ ಜನ ಒಂದೇ ಉತ್ತರ ಕೊಡುತ್ತಾರೆ. 1565ರಲ್ಲಿ ಸುಲ್ತಾನರ ಜೊತೆ ಯುದ್ಧವಾದ ಮೇಲೆ ಎಲ್ಲವನ್ನೂ ಸುಟ್ಟರು, ಕೆಡವಿದರು ಎನ್ನುತ್ತಾರೆ. ಆ ಉತ್ತರದಲ್ಲಿ ಅರ್ಧ ಸತ್ಯವಿದೆ. ಇನ್ನರ್ಧ ಆ ಜಗಲಿಗಳಲ್ಲೇ ಇದೆ. ಇವತ್ತು ನಾನು ಹೇಳಹೊರಟಿರುವುದು ಇಷ್ಟೇ: ವಿಜಯನಗರದ ಅರಮನೆ ಮುಖ್ಯವಾಗಿ ಮರದ ಅರಮನೆ. ಅದು ಹೋದ ಬಗೆಯನ್ನೂ, ಅದರಲ್ಲಿ ಉಳಿದದ್ದನ್ನೂ ಈ ಒಂದು ಸಂಗತಿಯಿಂದ ಹೊರಟರೆ ಮಾತ್ರ ಸರಿಯಾಗಿ ತಿಳಿಯಬಹುದು.

ಮರದ ಅರಮನೆ ಎಂದು ಹೇಳಲು ಆಧಾರವೇನು? ಮೊದಲು ನೂರು ಕಂಬದ ಸಭಾಮಂಟಪಕ್ಕೆ ಬನ್ನಿ. ಮಹಾನವಮಿ ದಿಬ್ಬವಿರುವ ಆವರಣದಲ್ಲೇ ಅದು ಇದೆ. ಹೆಸರಿಗೆ ನೂರು ಕಂಬ. ನೋಡಿದರೆ ಒಂದು ಕಂಬವೂ ಇಲ್ಲ. ಇರುವುದು ವಿಶಾಲವಾದ ಜಗಲಿ ಮತ್ತು ಅದರ ಮೇಲೆ ಸಾಲಾಗಿ ಹೂತ ಕಲ್ಲಿನ ಅಡಿಪೀಠಗಳು. ಸಾಲಿಗೆ ಹತ್ತರಂತೆ ಹತ್ತು ಸಾಲು. ಕಂಬದ ಬುಡ ಕೂರುವಂತೆ ಕೊರೆದ ಕಲ್ಲುಗಳು ಅವು. ಜಗಲಿಯ ದಕ್ಷಿಣದ ಬದಿಯಲ್ಲಿ ಒಂದು ಕಲ್ಲಿನ ಮೆಟ್ಟಿಲುಸಾಲು ಮೇಲೇರುತ್ತದೆ. ಮೇಲೇರಿ ಎಲ್ಲಿಗೂ ತಲುಪುವುದಿಲ್ಲ. ಮೆಟ್ಟಿಲನ್ನು ಯಾರೂ ಸುಮ್ಮನೆ ಕಟ್ಟುವುದಿಲ್ಲವಲ್ಲ. ಅದು ತಲುಪಬೇಕಾದ ಕಡೆ ಒಂದು ಮೇಲಂತಸ್ತು ಇತ್ತು ಎಂದೇ ಅರ್ಥ. ಈಗ ಕೇಳುಗರಲ್ಲಿ ಕೆಲವರಿಗೆ ಒಂದು ಸಂದೇಹ ಬರಬಹುದು. ಆ ಕುಳಿಗಳಲ್ಲಿ ಕಲ್ಲಿನ ಕಂಬಗಳೇ ಇದ್ದಿರಬಹುದಲ್ಲ, ಆಮೇಲೆ ಜನ ಹೊತ್ತೊಯ್ದಿರಬಹುದಲ್ಲ? ಕೇಳತಕ್ಕ ಪ್ರಶ್ನೆಯೇ. ಆದರೆ ಕೂಗಳತೆಯ ದೂರದಲ್ಲಿ ಹಜಾರ ರಾಮನ ಗುಡಿ ಇದೆ. ಅದರ ಒಳಗೆ ನುಣುಪಾದ ಕರಿಕಲ್ಲಿನ ಕಂಬಗಳಿವೆ. ಇಡೀ ಹಂಪಿಯಲ್ಲಿ ಅವುಗಳಿಗಿಂತ ಆಸೆ ಹುಟ್ಟಿಸುವ ಕಂಬಗಳು ಸಿಗುವುದು ಕಷ್ಟ. ಅವು ಅಲ್ಲೇ ಇವೆ. ಬೀದಿಬೀದಿಯ ಮಂಟಪಗಳಲ್ಲಿ ಸಾವಿರಾರು ಕಲ್ಲುಕಂಬಗಳು ಇವೆ. ಬಿದ್ದವು ಬಿದ್ದಲ್ಲೇ ಇವೆ. ಹೊತ್ತೊಯ್ಯುವವರು ಗುಡಿಯ ಕಂಬಗಳನ್ನು ಬಿಟ್ಟು ಅರಮನೆಯ ಕಂಬಗಳನ್ನೇ, ಅದೂ ಒಂದೂ ಬಿಡದೆ, ತುಂಡೂ ಉಳಿಯದಂತೆ ಒಯ್ದರು ಎಂದು ನಂಬಬೇಕಾದರೆ ಬಹಳ ದೊಡ್ಡ ಕಾರಣ ಬೇಕು. ಅಂಥ ಕಾರಣ ಕಾಣುವುದಿಲ್ಲ.

ನೂರು ಕಂಬದ ಮಂಟಪದ ಕಂಬಗಳು ಮರದವು ಎಂಬುದಕ್ಕೆ ಕುಳಿಗಳೂ ಮೆಟ್ಟಿಲೂ ಸಾಕ್ಷಿ ಎಂದೆ. ಒಂದೇ ಕಟ್ಟಡದ ಸಾಕ್ಷ್ಯ ಸಾಲದು ಎನ್ನುವವರಿಗೆ ಇನ್ನಷ್ಟಿದೆ. 1970ರ ದಶಕದ ಮಧ್ಯದಿಂದ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಮತ್ತು ಕರ್ನಾಟಕದ ಪುರಾತತ್ತ್ವ ಇಲಾಖೆ ಈ ಪ್ರದೇಶದಲ್ಲಿ ವ್ಯವಸ್ಥಿತವಾಗಿ ಅಗೆಯತೊಡಗಿದವು. ಮಣ್ಣಿನ ದಿಬ್ಬಗಳ ಕೆಳಗೆ ಒಂದರ ಪಕ್ಕ ಒಂದು ಮನೆಗಳ ಜಗಲಿಗಳು ಹೊರಬಂದವು. ಎಲ್ಲ ಕಡೆ ಕಂಡದ್ದು ಹೆಚ್ಚುಕಡಿಮೆ ಒಂದೇ ಬಗೆ. ಕೆಳಗೆ ಅಚ್ಚುಕಟ್ಟಾಗಿ ಕೆತ್ತಿದ ಕಲ್ಲಿನ ಪಟ್ಟಿಗಳ ಜಗಲಿ. ಅದರ ಮೇಲೆ ಗಚ್ಚಿನ ನೆಲ. ನೆಲದಲ್ಲಿ ಮರದ ಕಂಬಗಳನ್ನು ನಿಲ್ಲಿಸುವ ಕಲ್ಲುಗಳು. ಕಲ್ಲುಚೂರು, ಇಟ್ಟಿಗೆ, ಗಾರೆ ಸೇರಿಸಿ ಕಟ್ಟಿದ ಗೋಡೆಗಳ ಬುಡ. ಕುಸಿದ ಮಣ್ಣಿನಲ್ಲಿ ಗಾರೆಯಿಂದ ಮಾಡಿದ ಅಲಂಕಾರದ ತುಣುಕುಗಳು. ಚೀನಾದಿಂದ ಬಂದ ಪಿಂಗಾಣಿಯ ಚೂರುಗಳೂ ಸಿಕ್ಕಿವೆ. ಹಾಗಾಗಿ ಇವು ಬಡವರ ಗುಡಿಸಲಲ್ಲ. ಸಿರಿವಂತರು ಬದುಕಿದ ಮನೆಗಳಲ್ಲೇ ಜಗಲಿಯ ಮೇಲಿನ ಭಾಗ ಇಲ್ಲ. ಇನ್ನೊಂದು ಸಾಕ್ಷಿ ಎಲ್ಲರ ಕಣ್ಣಿಗೂ ಬೀಳುತ್ತದೆ, ಆದರೂ ಬಹಳ ಜನ ಅದನ್ನು ದಾಟಿ ಹೋಗುತ್ತಾರೆ. ಮಹಾನವಮಿ ದಿಬ್ಬದ ಹತ್ತಿರ ಒಂದು ಜೋಡಿ ಕಲ್ಲಿನ ಕದಗಳು ಮಲಗಿವೆ. ಒಂದೊಂದೂ ಅಖಂಡ ಶಿಲೆ. ಮೇಲ್ಮೈಯಲ್ಲಿ ಚೌಕಟ್ಟು, ಅಂಕಣ, ಪಟ್ಟಿ ಎಲ್ಲವನ್ನೂ ಬಡಗಿ ಹಲಗೆ ಜೋಡಿಸಿದ ರೀತಿಯಲ್ಲೇ ಕೆತ್ತಿದ್ದಾರೆ. ಕಲ್ಲಿಗೆ ಅಂಕಣವೂ ಬೇಡ, ಅಡ್ಡಪಟ್ಟಿಯೂ ಬೇಡ. ಅವು ಬೇಕಾಗುವುದು ಮರಕ್ಕೆ. ಕಲ್ಲುಕುಟಿಗನ ಕಣ್ಣ ಮುಂದೆ ಬಡಗಿಯ ಕೆಲಸ ಮಾದರಿಯಾಗಿ ನಿಂತಿತ್ತು ಎಂದಾಯಿತು. ಬಡಗಿಯ ಕದಗಳು ಹೋದವು, ಅವನ್ನು ಅನುಕರಿಸಿದ ಕಲ್ಲಿನ ಕದ ಉಳಿಯಿತು.

ಇಲ್ಲಿಯವರೆಗೆ ನೆಲದ ಸಾಕ್ಷ್ಯ ಹೇಳಿದೆ: ಕಂಬದ ಕುಳಿಗಳು, ಮೆಟ್ಟಿಲು, ಗಚ್ಚಿನ ನೆಲ, ಕಲ್ಲಿನ ಕದ. ಈಗ ಕಣ್ಣಾರೆ ಕಂಡವರ ಮಾತಿಗೆ ಬರೋಣ. ಪರ್ಷಿಯಾದ ದೊರೆ ಶಾರುಖನ ರಾಯಭಾರಿ ಅಬ್ದುರ್ ರಜಾಕ್ 1443ರಲ್ಲಿ ಎರಡನೆಯ ದೇವರಾಯನ ಆಸ್ಥಾನಕ್ಕೆ ಬಂದ. ಮಹಾನವಮಿಯ ಹೊತ್ತಿಗೆ ಬಯಲಿನಲ್ಲಿ ಎದ್ದು ನಿಂತ ಹಲವು ಅಂತಸ್ತಿನ ಮಂಟಪಗಳನ್ನೂ ಅವುಗಳ ಮೇಲಿನ ಚಿತ್ರಗಳನ್ನೂ ಅವನು ಬಣ್ಣಿಸಿದ್ದಾನೆ. ಅಷ್ಟು ಅಂತಸ್ತಿನ ಕಲ್ಲುಕಟ್ಟಡಗಳ ಅವಶೇಷ ಇವತ್ತು ಅಲ್ಲಿ ಇಲ್ಲ. ಸುಮಾರು 1520ರಲ್ಲಿ ಪೋರ್ಚುಗೀಸ್ ವರ್ತಕ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ಅರಮನೆಯ ಒಳಗನ್ನೇ ನೋಡಿದ. ಅರಮನೆಯ ಆವರಣ ಲಿಸ್ಬನ್ನಿನ ಕೋಟೆಗಿಂತ ದೊಡ್ಡದು ಎಂದು ಬರೆದ. ಒಂದು ಕೋಣೆಯ ವಿಷಯವನ್ನು ಅವನು ಬೆರಗಿನಿಂದ ಹೇಳುತ್ತಾನೆ. ಅದರ ಗೋಡೆ ಕೆಳಗಿಂದ ಮೇಲಿನವರೆಗೂ ದಂತದ ಕೆಲಸ. ಮೇಲಿನ ಅಡ್ಡತೊಲೆಗಳನ್ನು ಹೊತ್ತ ಕಂಬಗಳಲ್ಲೂ ದಂತದಲ್ಲಿ ಕೊರೆದ ಗುಲಾಬಿ, ಕಮಲ. ಇಲ್ಲಿ ಗಮನಿಸಬೇಕಾದದ್ದು ಆ ತೊಲೆಗಳನ್ನು. ದಂತವನ್ನು ಹೊದಿಸುವುದು ಮರದ ಮೇಲೆ. ಕಣಶಿಲೆಯ ಕಂಬಕ್ಕೆ ಯಾರೂ ದಂತ ಹೊದಿಸುವುದಿಲ್ಲ. ಪಾಯೆಸ್ ಉತ್ಪ್ರೇಕ್ಷೆ ಮಾಡಿದ್ದಾನೆ ಎನ್ನುವವರಿದ್ದಾರೆ. ಮಾಡಿರಬಹುದು. ದೂರದೇಶ ಕಂಡ ಪ್ರವಾಸಿಗಳು ಲೆಕ್ಕಗಳನ್ನು ಹಿಗ್ಗಿಸುವುದುಂಟು. ಆದರೆ ಕೋಣೆಯನ್ನು ಹೇಗೆ ಕಟ್ಟಿದ್ದರು ಎಂಬ ವಿಷಯದಲ್ಲಿ ಸುಳ್ಳು ಹೇಳಿ ಅವನಿಗೆ ಆಗಬೇಕಾದದ್ದೇನೂ ಇರಲಿಲ್ಲ.

ಕೇಳುಗರೇ, ನೆಲವೂ ಹೇಳುತ್ತದೆ, ಪ್ರವಾಸಿಯೂ ಹೇಳುತ್ತಾನೆ. ಇನ್ನು ಬೇಕಾದದ್ದು ಹೋಲಿಕೆ. ಅದೇ ಕಾಲದ, ಅದೇ ನಾಡಿನ ಮರದ ಅರಮನೆ ಎಲ್ಲಾದರೂ ಉಳಿದಿದೆಯೇ? ಉಳಿದಿದೆ. ಅದು ಬೀದರಿನ ಕೋಟೆಯ ಒಳಗೆ ಇದೆ. ರಂಗೀನ್ ಮಹಲ್ ಎಂದು ಅದರ ಹೆಸರು. ಗೋಡೆಗಳು ಕಲ್ಲುಗಾರೆಯವು. ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂಡಿಸಿದ ಚಿತ್ತಾರ, ಬಣ್ಣದ ಹೆಂಚುಗಳ ಕೆಲಸ ಎಲ್ಲ ಇದೆ. ಅದರ ಪಡಸಾಲೆಯನ್ನು ಹೊತ್ತಿರುವುದು ಮಾತ್ರ ಮರದ ಕಂಬಗಳು. ಕಂಬದ ತಲೆಯಲ್ಲಿ ಬಹಳ ನಾಜೂಕಾಗಿ ಕೆತ್ತಿದ ಬೋದಿಗೆಗಳು. ಮಹಲಿಗೆ ಈಗಿನ ರೂಪ ಕೊಟ್ಟವನು ಅಲಿ ಬರೀದ್ ಶಾ. 1565ರಲ್ಲಿ ವಿಜಯನಗರದ ಮೇಲೆ ಒಟ್ಟಾಗಿ ದಂಡೆತ್ತಿ ಬಂದ ಸುಲ್ತಾನರಲ್ಲಿ ಅವನೂ ಒಬ್ಬ. ವಿಚಿತ್ರ ನೋಡಿ. ವಿಜಯನಗರದ ಅರಸರ ಪಡಸಾಲೆ ಹೇಗಿದ್ದಿರಬಹುದು ಎಂದು ಊಹಿಸಲು ಅವರ ಶತ್ರುವಿನ ಮನೆಗೇ ಹೋಗಬೇಕು. ಬಿಜಾಪುರದ ಆಸಾರ್ ಮಹಲಿನ ಮುಂಭಾಗದಲ್ಲೂ ಎತ್ತರದ ಮರದ ಕಂಬಗಳಿವೆ. ಅದು 17ನೆಯ ಶತಮಾನದ್ದು. ಬೆಂಗಳೂರಿನ ಕೋಟೆಯ ಹತ್ತಿರ ಟಿಪ್ಪುವಿನ ಬೇಸಿಗೆ ಅರಮನೆ ಇದೆ. 1791ರಲ್ಲಿ ಮುಗಿದದ್ದು. ಕಲ್ಲಿನ ಅಡಿಪೀಠದ ಮೇಲೆ ಮರದ ಕಂಬ, ಮೇಲೆ ತೊಲೆ, ಅದರ ಮೇಲೆ ಇನ್ನೊಂದು ಅಂತಸ್ತು. ಕಾಲ ಬೇರೆ, ಕಮಾನುಗಳ ಬೆಡಗು ಬೇರೆ. ಕಟ್ಟುವ ತತ್ತ್ವ ಒಂದೇ. ಆ ಕಂಬಗಳನ್ನು ತೆಗೆದುಬಿಟ್ಟರೆ ಅಲ್ಲಿ ಉಳಿಯುವುದು ಸಾಲಾಗಿ ನಿಂತ ಕಲ್ಲಿನ ಅಡಿಪೀಠಗಳು. ಹಂಪಿಯಲ್ಲಿ ಉಳಿದಿರುವುದೂ ಅವೇ.

ಅರಮನೆ ಮರದ್ದು ಎಂದು ಒಪ್ಪಿದರೂ ಒಂದು ಆಕ್ಷೇಪ ಉಳಿಯುತ್ತದೆ. ಸುತ್ತಲೂ ಬೆಟ್ಟಬೆಟ್ಟಗಳಾಗಿ ಕಣಶಿಲೆ ಬಿದ್ದಿರುವ ಊರು. ಸಾವಿರಾರು ಕಲ್ಲುಕುಟಿಗರು ಕೈಕೆಳಗಿದ್ದ ಅರಸರು. ಅಂಥವರು ಮರದ ಮನೆಯಲ್ಲಿ ಏಕೆ ಇರಬೇಕು? ಸಾಮಾನ್ಯವಾಗಿ ಕೊಡುವ ಉತ್ತರ, ಕಲ್ಲು ದೇವರಿಗೆ, ಮರ ಮನುಷ್ಯರಿಗೆ ಎಂಬುದು. ಕೇಳಲು ಚೆನ್ನಾಗಿದೆ. ಹಾಗೆಂದು ಕಟ್ಟುನಿಟ್ಟಾದ ನಿಯಮ ಇತ್ತು ಎಂದು ನನಗೆ ಅನ್ನಿಸುವುದಿಲ್ಲ. ಮಹಾನವಮಿ ದಿಬ್ಬ ಅರಸರದೇ. ಅದು ಕಲ್ಲಿನದು. ಸುಮಾರು 8 ಮೀಟರ್ ಎತ್ತರ. ಅದರ ಮೈತುಂಬ ಬೇಟೆ, ಕುಸ್ತಿ, ಕುಣಿತ, ಆನೆ, ಕುದುರೆ. ಹತ್ತಿರದಲ್ಲೇ 1980ರ ದಶಕದಲ್ಲಿ ಅಗೆದು ತೆಗೆದ ಮೆಟ್ಟಿಲು ಪುಷ್ಕರಣಿಯೂ ಅರಸರದೇ. ಐದು ಹಂತಗಳ ಆ ಪುಷ್ಕರಣಿಯ ಒಂದೊಂದು ಕಲ್ಲಿನ ಮೇಲೂ ಅದು ಯಾವ ದಿಕ್ಕಿನದು, ಎಷ್ಟನೆಯ ಸಾಲಿನದು ಎಂದು ತಿಳಿಸುವ ಗುರುತುಗಳಿವೆ. ಕಲ್ಲಿನ ಕೆಲಸದಲ್ಲಿ ಅಷ್ಟು ಪಳಗಿದ್ದವರು ಅವರು. ಆದ್ದರಿಂದ ಕಲ್ಲನ್ನು ಬಳಸಬಾರದು ಎಂಬ ನಿಷೇಧ ಇರಲಿಲ್ಲ. ಯಾವ ಕೆಲಸಕ್ಕೆ ಯಾವ ವಸ್ತು ಎಂಬ ವಿವೇಕ ಇತ್ತು. ಬಳ್ಳಾರಿ ಸೀಮೆಯ ಬೇಸಿಗೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಗಲೆಲ್ಲ ಕಾದ ಬಂಡೆ ರಾತ್ರಿಯಲ್ಲೂ ಶಾಖ ಉಗುಳುತ್ತದೆ. ಮರದ ತೊಲೆ, ಜಂತೆಗಳ ಮೇಲೆ ಮಣ್ಣು ಹಾಸಿದ ಮಾಳಿಗೆ ಅಷ್ಟು ಕಾಯುವುದಿಲ್ಲ. ಆ ಸೀಮೆಯ ಹಳ್ಳಿಗಳಲ್ಲಿ ಜನ ತಲೆಮಾರುಗಳಿಂದ ಮಾಳಿಗೆ ಮನೆಗಳಲ್ಲೇ ಬಾಳಿದ್ದಾರೆ. ಮೇಲೆ ಇನ್ನೊಂದು ಅಂತಸ್ತು ಏರಿಸಬೇಕಾದರೂ ಮರ ಹಗುರ. ಗುಡಿ ಊರಿನ ಎಷ್ಟೋ ತಲೆಮಾರುಗಳಿಗಾಗಿ. ಮನೆ ವಾಸಕ್ಕಾಗಿ. ಬೇಕೆನಿಸಿದಾಗ ಬದಲಾಯಿಸುವುದು, ಹಿಗ್ಗಿಸುವುದು, ಹೊಸ ಅರಸ ಬಂದಾಗ ಹೊಸದಾಗಿ ಕಟ್ಟುವುದು ಮರದಲ್ಲಿ ಸುಲಭ. ಇದು ವಿಜಯನಗರದವರೇ ಹುಟ್ಟುಹಾಕಿದ ಪದ್ಧತಿಯೂ ಅಲ್ಲ. ಹೊಯ್ಸಳರ ಗುಡಿಗಳು ನಾಡಿನ ತುಂಬ ನಿಂತಿವೆ. ಅವರ ಅರಮನೆಯೊಂದೂ ನಿಂತಿಲ್ಲ.

ವಾಸಕ್ಕೆ ಮರವನ್ನು ಆರಿಸಿದ್ದು ಬುದ್ಧಿಪೂರ್ವಕ ಎಂದೆ. ಈಗ ಮೊದಲಿನ ಪ್ರಶ್ನೆಗೆ ಮರಳಬೇಕು. ಮರದ ಅರಮನೆ ಹೋದದ್ದು ಹೇಗೆ? ಬೆಂಕಿಯ ಕಥೆಯನ್ನು ಅಲ್ಲಗಳೆಯುವ ಉದ್ದೇಶ ನನಗಿಲ್ಲ. ಬೆಂಕಿಯ ಗುರುತುಗಳು ಹಂಪಿಯಲ್ಲಿ ಇವೆ. ಗೆದ್ದ ಸೈನ್ಯ ಊರನ್ನು ಹೊಕ್ಕು ತಿಂಗಳುಗಟ್ಟಲೆ ಲೂಟಿ ಮಾಡಿದ್ದೂ ನಿಜ. ಆದರೆ ಒಂದೇ ಬೀಸಿಗೆ ಇಡೀ ನಗರ ಬೂದಿಯಾಯಿತು ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿ ಕೂತದ್ದಕ್ಕೆ 1900ರಲ್ಲಿ ಪ್ರಕಟವಾದ ರಾಬರ್ಟ್ ಸೀವೆಲ್ಲನ ಇತಿಹಾಸ ಗ್ರಂಥ ಬಹುಮಟ್ಟಿಗೆ ಕಾರಣ. ಅವನ ಉಪಕಾರ ದೊಡ್ಡದು. ಪಾಯೆಸ್ ಮತ್ತು ಇನ್ನೊಬ್ಬ ಪೋರ್ಚುಗೀಸ್ ಬರಹಗಾರ ನೂನಿಜರ ಬರಹಗಳನ್ನು ಇಂಗ್ಲಿಷಿನಲ್ಲಿ ಓದುವಂತೆ ಮಾಡಿದವನು ಅವನೇ. ನಗರದ ನಾಶವನ್ನು ಬರೆಯುವಾಗ ಮಾತ್ರ ಅವನ ಲೇಖನಿ ನಾಟಕಕಾರನ ಲೇಖನಿಯಾಗುತ್ತದೆ. ಅದೇ ಗ್ರಂಥದಲ್ಲಿ ಇನ್ನೊಬ್ಬ ಸಾಕ್ಷಿಯ ಮಾತೂ ಇದೆ. ವೆನಿಸಿನ ವರ್ತಕ ಸೀಸರ್ ಫೆಡ್ರಿಕ್. ಅವನು 1567ರಲ್ಲಿ, ಅಂದರೆ ಯುದ್ಧವಾಗಿ ಎರಡು ವರ್ಷಕ್ಕೆ, ಇಲ್ಲಿಗೆ ಬಂದ. ತಿಂಗಳುಗಟ್ಟಲೆ ಇಲ್ಲೇ ಉಳಿದ. ನಗರ ಪೂರ್ತಿ ನಾಶವಾಗಿಲ್ಲ ಎನ್ನುತ್ತಾನೆ ಅವನು. ಮನೆಗಳು ನಿಂತಿವೆ, ಜನ ಇಲ್ಲ, ಹುಲಿ ಮೊದಲಾದ ಕಾಡುಪ್ರಾಣಿಗಳು ಸೇರಿಕೊಂಡಿವೆಯಂತೆ ಎಂದು ಅವನ ವರದಿ. ಅರಮನೆಯ ಸಾಲುಬಾಗಿಲುಗಳನ್ನು ಎಣಿಸಿ ಬರೆದಿದ್ದಾನೆ. ಇಂಥ ಅರಮನೆಯನ್ನು ಬೇರೆಲ್ಲೂ ಕಂಡಿಲ್ಲ ಎಂಬ ಮೆಚ್ಚುಗೆಯೂ ಇದೆ. ಬೂದಿಯ ರಾಶಿಯನ್ನು ನೋಡಿ ಯಾರೂ ಹೀಗೆ ಬರೆಯುವುದಿಲ್ಲ. ಹಾಗಾದರೆ ನಡೆದದ್ದೇನು? ಕೆಲವು ಕಟ್ಟಡಗಳು ಸುಟ್ಟವು. ಉಳಿದವನ್ನು ಜನ ತೊರೆದರು. ಯುದ್ಧದ ನಂತರ ಅಧಿಕಾರ ಹಿಡಿದ ತಿರುಮಲರಾಯ ರಾಜಧಾನಿಯನ್ನು ಮತ್ತೆ ನೆಲೆಗೊಳಿಸಲು ನೋಡಿ, ಆಗದೆ, ಪೆನುಗೊಂಡೆಗೆ ಹೋದ. ಆಮೇಲಿನದು ನನ್ನ ಅನುಮಾನ, ಆದರೆ ಆಧಾರವಿಲ್ಲದ ಅನುಮಾನವಲ್ಲ. ಮಾಳಿಗೆಯ ಮಣ್ಣನ್ನು ವರ್ಷ ವರ್ಷ ಸರಿಮಾಡದಿದ್ದರೆ ಸೋರುತ್ತದೆ. ಸೋರಿದರೆ ತೊಲೆ ಕೊಳೆಯುತ್ತದೆ. ಗೆದ್ದಲು ಹತ್ತುತ್ತದೆ. ಗಟ್ಟಿಯಾಗಿ ಉಳಿದ ಮರವನ್ನು ಸುತ್ತಲಿನ ಊರವರು ಬಿಟ್ಟಿರಲಾರರು. ಮರಕ್ಕೆ ಬೆಂಕಿಯ ಭಯ ಎಷ್ಟು ಸಹಜ ಎಂಬುದಕ್ಕೆ ನಮ್ಮ ಹತ್ತಿರದ ಕಾಲದಲ್ಲೇ ನಿದರ್ಶನವಿದೆ. ಮೈಸೂರಿನ ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋಯಿತು. ಆಗ ಶತ್ರುಗಳು ಯಾರೂ ಬಂದಿರಲಿಲ್ಲ. ಅರಮನೆಯಲ್ಲಿ ಮದುವೆ ನಡೆದಿತ್ತು.

ಬೆಂಕಿ ಒಂದು ಕಾರಣ, ತೊರೆದುಹೋದದ್ದು ಇನ್ನೊಂದು, ಎರಡಕ್ಕೂ ಬಲಿಯಾದದ್ದು ಮರ ಎಂಬಲ್ಲಿಗೆ ಬಂದೆವು. ಇದರಿಂದ ಒಂದು ಪರಿಣಾಮ ಹೊರಡುತ್ತದೆ. ಹಂಪಿಯಲ್ಲಿ ನಾವು ಅರಮನೆಯ ಭಾಗ ಎಂದು ಮೆಚ್ಚಿ ನೋಡುವ ಕಟ್ಟಡಗಳು ಯಾವುವು? ಕಮಲ ಮಹಲ್, ಗಜಶಾಲೆ, ರಾಣಿಯ ಸ್ನಾನಗೃಹ. ಮೂರರಲ್ಲೂ ಕಮಾನುಗಳಿವೆ. ಮೂರೂ ಕಲ್ಲು, ಇಟ್ಟಿಗೆ, ಗಾರೆಯ ಕಟ್ಟಡಗಳು. ಸುಲ್ತಾನರ ನಾಡಿನ ಕಟ್ಟಡ ಕಲೆಯಿಂದ ಕಲಿತು, ಇಲ್ಲಿಯ ರುಚಿಗೆ ಒಗ್ಗಿಸಿಕೊಂಡ ಕೆಲಸ. ಕಮಲ ಮಹಲಿನ ಕೆಳಗೆ ಎಸಳು ಎಸಳಾದ ಕಮಾನುಗಳು, ಮೇಲೆ ಗುಡಿಯ ಶಿಖರದಂತೆ ಹಂತಹಂತವಾಗಿ ಏರುವ ಮಾಡು. ಗಜಶಾಲೆಯಲ್ಲಿ ಸಾಲಾಗಿ ಹನ್ನೊಂದು ಕೋಣೆ, ಅವುಗಳ ಮೇಲೆ ಗುಮ್ಮಟಗಳು. ಇವು ಉಳಿದದ್ದು ಅರಮನೆಯಲ್ಲಿ ಇವೇ ಮುಖ್ಯವಾಗಿದ್ದವು ಎಂದಲ್ಲ. ಮರವಿಲ್ಲದೆ ಕಟ್ಟಿದ್ದರಿಂದ ಉಳಿದವು. ಇದನ್ನು ಮರೆತರೆ ನಮ್ಮ ಕಣ್ಣ ಮುಂದೆ ತಪ್ಪು ವಿಜಯನಗರ ನಿಲ್ಲುತ್ತದೆ. ಕಮಾನು, ಗುಮ್ಮಟಗಳೇ ಅರಸರ ಬದುಕಿನ ಚೌಕಟ್ಟು ಎಂದು ಭಾವಿಸುತ್ತೇವೆ. ಅವರು ಮಲಗಿದ್ದು, ಉಂಡದ್ದು, ಮಂತ್ರಾಲೋಚನೆ ಮಾಡಿದ್ದು ಬಹುಪಾಲು ಮರದ ಕಂಬಗಳ ನಡುವೆ. ಹೆಸರುಗಳೂ ನಮ್ಮನ್ನು ದಾರಿ ತಪ್ಪಿಸುತ್ತವೆ. ಇವು ಬಹುಮಟ್ಟಿಗೆ ನಂತರದ ಕಾಲದವರು ಊಹಿಸಿ ಇಟ್ಟ ಹೆಸರುಗಳು. ಕಮಲ ಮಹಲಿರುವ ಆವರಣವನ್ನು ರಾಣಿವಾಸ ಎನ್ನುತ್ತಾರೆ. ಅದರ ಗೋಡೆಯ ಆಚೆಗೇ ಆನೆಗಳ ಲಾಯ, ಅದರ ಮುಂದೆ ದೊಡ್ಡ ಬಯಲು. ಅಂತಃಪುರಕ್ಕೆ ಒಪ್ಪುವ ನೆರೆಯೇ ಅದು? ಆ ಹೆಸರನ್ನು ಪ್ರಶ್ನಿಸಿದ ವಿದ್ವಾಂಸರಿದ್ದಾರೆ, ಅವರ ಪ್ರಶ್ನೆ ನನಗೆ ನ್ಯಾಯವಾಗಿ ಕಾಣುತ್ತದೆ.

ನಿಂತ ಕಟ್ಟಡಗಳು ಅರಮನೆಯ ಪೂರ್ತಿ ಚಿತ್ರ ಕೊಡುವುದಿಲ್ಲ ಎಂದಾದ ಮೇಲೆ ಜಗಲಿಗಳನ್ನೇ ಓದಬೇಕು. ಆ ಕೆಲಸವನ್ನು ಶ್ರದ್ಧೆಯಿಂದ ಮಾಡಿದವರಲ್ಲಿ ಜಾನ್ ಫ್ರಿಟ್ಜ್, ಜಾರ್ಜ್ ಮಿಷೆಲ್ ಮತ್ತು ನಮ್ಮವರೇ ಆದ ಎಂ.ಎಸ್. ನಾಗರಾಜ ರಾವ್ ಮುಖ್ಯರು. ಮೂವರೂ ಸೇರಿ 1984ರಲ್ಲಿ ಈ ರಾಜಕೇಂದ್ರದ ಮೇಲೆ ಒಂದು ಗ್ರಂಥವನ್ನೇ ತಂದರು. ಓದುವ ರೀತಿ ಬಲು ಸರಳ. ಒಂದು ಜಗಲಿಯ ಮುಂದೆ ನಿಂತಿದ್ದೀರಿ ಎಂದುಕೊಳ್ಳಿ. ಮನೆಯ ಮುಖ ಸಾಮಾನ್ಯವಾಗಿ ಉತ್ತರಕ್ಕೆ ಅಥವಾ ಪೂರ್ವಕ್ಕೆ. ಮುಂದೆ ತೆರೆದ ಅಂಗಳ. ಅಂಗಳದಿಂದ ಕೆಲವು ಮೆಟ್ಟಿಲು ಹತ್ತಿದರೆ ಮೊದಲ ಹಂತ. ಅದು ಅಗಲವಾದ, ಮುಂಬದಿ ತೆರೆದ ಪಡಸಾಲೆ. ಇನ್ನಷ್ಟು ಮೆಟ್ಟಿಲು, ಎರಡನೆಯ ಹಂತ. ಒಳಗೊಳಗೆ ಹೋದಂತೆ ನೆಲ ಮೇಲೇರುತ್ತದೆ, ಜಾಗ ಕಿರಿದಾಗುತ್ತದೆ. ಕೊನೆಯ ಹಂತದಲ್ಲಿ ಚಿಕ್ಕ ಕೋಣೆಗಳು. ಎಡಬಲದ ರೆಕ್ಕೆಗಳು ಮುಂದೆ ಚಾಚಿ ನಡುವಿನ ಜಾಗವನ್ನು ಮೂರು ಕಡೆಯಿಂದ ತಬ್ಬುತ್ತವೆ. ಆವರಣಕ್ಕೆ ಬರುವ ದಾರಿಯೂ ನೇರವಿಲ್ಲ. ಬಾಗಿಲು ದಾಟಿ, ತಿರುಗಿ, ಇನ್ನೊಂದು ಗೋಡೆಯ ಬದಿ ಹಾದು ಬರಬೇಕು. ಬೀದಿಯಲ್ಲಿ ನಿಂತವನಿಗೆ ಒಳಗಿನದು ಕಾಣುವುದಿಲ್ಲ. ಇಷ್ಟನ್ನು ಹೇಳಲು ಗೋಡೆಯೂ ಬೇಡ, ಮಾಡೂ ಬೇಡ. ಯಾರು ಎಲ್ಲಿಯವರೆಗೆ ಬರಬಹುದು, ಯಾರು ಅಂಗಳದಲ್ಲೇ ನಿಲ್ಲಬೇಕು, ಯಾರು ಮೇಲಿನ ಹಂತದಲ್ಲಿ ಕೂರುತ್ತಾರೆ ಎಂಬ ಲೆಕ್ಕಾಚಾರವೆಲ್ಲ ನೆಲದ ಎತ್ತರದಲ್ಲೇ ಬರೆದಿದೆ. ಇಂಥ ಜಗಲಿಗಳು ಹಲವು ಇವೆ. ಇದೇ ಕೃಷ್ಣದೇವರಾಯ ಮಲಗುತ್ತಿದ್ದ ಮನೆ ಎಂದು ಯಾರಾದರೂ ಬೆರಳು ಮಾಡಿ ತೋರಿಸಿದರೆ ನಂಬಬೇಡಿ. ಅರಸರ ಮನೆ, ದಂಡನಾಯಕರ ಮನೆ ಎರಡರ ವಿನ್ಯಾಸವೂ ಒಂದೇ ಬಗೆ. ಎರಡನ್ನೂ ಬೇರೆ ಮಾಡುತ್ತಿದ್ದ ದಂತ, ಚಿನ್ನದ ತಗಡು, ಬಣ್ಣ ಎಲ್ಲ ಇದ್ದದ್ದು ಮೇಲೆ, ಮರದಲ್ಲಿ.

ಕೊನೆಯದಾಗಿ ಒಂದು ಮಾತು. ಇದೇ ರಾಜ್ಯದ ನಂತರದ ಅರಸರು, ಆರವೀಡು ವಂಶದವರು, ಚಂದ್ರಗಿರಿಯಲ್ಲೂ ರಾಜಧಾನಿ ಮಾಡಿಕೊಂಡಿದ್ದರು. ಅದು ತಿರುಪತಿಯ ಹತ್ತಿರ. ಅಲ್ಲಿಯ ರಾಜ ಮಹಲ್ ಮೂರು ಅಂತಸ್ತಿನದು, ಇವತ್ತಿಗೂ ನಿಂತಿದೆ. ಅದಕ್ಕೆ ಮರ ಬಳಸಿಲ್ಲ. ಕಲ್ಲು, ಇಟ್ಟಿಗೆ, ಗಾರೆ, ಕಮಾನು ಇಷ್ಟರಿಂದಲೇ ಎಲ್ಲ ಅಂತಸ್ತುಗಳನ್ನೂ ಎತ್ತಿದ್ದಾರೆ. ಹಂಪಿ ಉರಿದದ್ದನ್ನು ಕಂಡು ಹೀಗೆ ಮಾಡಿದರು ಎನ್ನಲು ಮನಸ್ಸು ಹಾತೊರೆಯುತ್ತದೆ. ಅವಸರ ಬೇಡ. ಕಮಲ ಮಹಲನ್ನು ಕಟ್ಟಿದ ಕುಶಲರ ಪರಂಪರೆ ಮುಂದುವರಿದು, ಒಂದು ಮಂಟಪಕ್ಕೆ ಸಾಕೆನಿಸಿದ್ದ ವಿದ್ಯೆಯನ್ನು ಇಡೀ ಮನೆಗೆ ಹಿಗ್ಗಿಸಿದ್ದೂ ಇರಬಹುದು. ಎರಡರಲ್ಲಿ ನನ್ನ ಒಲವು ಎರಡನೆಯದರ ಕಡೆಗೆ. ಏಕೆಂದರೆ ಮೈಸೂರಿನವರು 19ನೆಯ ಶತಮಾನದ ಮೊದಲಲ್ಲಿ ಅರಮನೆ ಕಟ್ಟುವಾಗಲೂ ಮರವನ್ನೇ ಆರಿಸಿದರು. ಅದು ಸುಟ್ಟ ಮೇಲೆಯೇ, 1912ರಲ್ಲಿ ಮುಗಿದ ಈಗಿನ ಅರಮನೆಗೆ ಕಲ್ಲನ್ನೂ ಕಬ್ಬಿಣವನ್ನೂ ತಂದರು.